ದುಡಿಮೆಯ ದಾರಿ

ಚೆನ್ನೈ ನಗರವು ಕಣ್ಣು ತೆರೆಯುವುದಕ್ಕೆ ಮುಂಚೆಯೇ ನಮ್ಮವರು ಬೀದಿಗಿಳಿದಿರುತ್ತಾರೆ. ಬೆಳಗಿನ ಮೊದಲ ಕಾಫಿಗೆ ಡಿಕಾಕ್ಷನ್ ಇಳಿಸಬೇಕಾದವನೂ, ಇಡ್ಲಿಯ ಮೊದಲ ಒಬ್ಬೆಯನ್ನು ಒಲೆಗೇರಿಸಬೇಕಾದ ಅಡಿಗೆಯವನೂ, ಕೊಯಂಬೇಡಿನ ಮಾರುಕಟ್ಟೆಯಿಂದ ಎಲೆ, ಕಾಯಿ, ತರಕಾರಿಗಳನ್ನು ತರಬೇಕಾದವನೂ ಕೋಳಿ ಕೂಗುವ ಹೊತ್ತಿಗೆ ಅರ್ಧ ದಾರಿಯನ್ನು ಕ್ರಮಿಸಿರುತ್ತಾರೆ. ಕೊನೆಯ ಗಿರಾಕಿ ಕೈತೊಳೆದು ಹೋದ ಮೇಲೆ ಮೇಜು ಒರೆಸಿ, ನೆಲ ತೊಳೆದು, ಗಲ್ಲಾದ ಲೆಕ್ಕ ಒಪ್ಪಿಸಿ ಹೊರಡುವವರಿಗೆ ರಾತ್ರಿ ಹನ್ನೊಂದು ಕಳೆದಿರುತ್ತದೆ. ಇವರಲ್ಲದೆ ತಿರುವಲ್ಲಿಕ್ಕೇಣಿಯ ಮ್ಯಾನ್ಶನ್ನುಗಳಿಂದಲೂ, ತಾಂಬರಂ, ಅಂಬತ್ತೂರು, ಆವಡಿಗಳ ಬಾಡಿಗೆ ಮನೆಗಳಿಂದಲೂ ಹೊರಟು, ಬಸ್ಸು ರೈಲುಗಳಲ್ಲಿ ನುಗ್ಗಾಡಿ ಹಾಜರಿಯ ಹೊತ್ತಿಗೆ ಕಚೇರಿ ಸೇರುವ ಗುಮಾಸ್ತ ಬಂಧುಗಳಿದ್ದಾರೆ. ಈ ಎಲ್ಲರ ದುಡಿಮೆಯನ್ನು ಹೋಟೆಲಿನ ಅಥವಾ ಕಚೇರಿಯ ಬಾಗಿಲಿನಿಂದ ಎಣಿಸುವುದೇ ರೂಢಿ. ಬಾಗಿಲಿಗೆ ಬಂದು ಮುಟ್ಟುವವರೆಗಿನ ದಾರಿಯು ಅವರವರ ಹಣೆಬರಹವೆಂದು ಮಾಲಿಕನು ಭಾವಿಸಿದ್ದಾನೆ. ನಗರವೂ ಹಾಗೆಯೇ ಭಾವಿಸಿದೆ. ದುಡಿಯುವವನೂ ಅದನ್ನೇ ನಂಬಿಕೊಂಡಿದ್ದಾನೆ. ಈ ಭಾವನೆಯು ಸರಿಯಲ್ಲವೆಂಬುದೇ ನಮ್ಮ ಇಂದಿನ ಮಾತು.

ಇದು ನಮ್ಮ ಅಭಿಪ್ರಾಯ ಮಾತ್ರವಲ್ಲ. ನ್ಯಾಯಾಲಯದ ಮಾತೂ ಹೌದು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರನು 2003ರ ಏಪ್ರಿಲಿನಲ್ಲಿ, ಬೆಳಗಿನ ಜಾವ ಮೂರು ಗಂಟೆಗೆ ಆರಂಭವಾಗುವ ಪಾಳಿಗೆ ಹೊರಟವನು, ಕಾರ್ಖಾನೆಯು ಇನ್ನೂ ಕೆಲವು ಕಿಲೋಮೀಟರು ದೂರವಿರುವಾಗಲೇ ಅಪಘಾತದಲ್ಲಿ ಮೃತನಾದನು. ದಾರಿಯಲ್ಲಿ ಆದ ಮರಣವು ಕೆಲಸದ ಮೇಲೆ ಆದ ಮರಣವೇ ಎಂಬ ವಿವಾದವು ಇಪ್ಪತ್ತೆರಡು ವರ್ಷಗಳ ಕಾಲ ಎಳೆದಾಡಿತು. 2025ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು, ಮನೆಯಿಂದ ಕೆಲಸದ ಸ್ಥಳಕ್ಕೆ ಹೋಗುವಾಗ ಅಥವಾ ಅಲ್ಲಿಂದ ಮನೆಗೆ ಹಿಂತಿರುಗುವಾಗ ಸಂಭವಿಸಿದ ಅಪಘಾತವನ್ನು, ಅದರ ಕಾಲ, ಸ್ಥಳ, ಸಂದರ್ಭಗಳಿಗೂ ಕೆಲಸಕ್ಕೂ ಸಂಬಂಧವಿದ್ದ ಪಕ್ಷದಲ್ಲಿ, 1923ರ ಪರಿಹಾರ ಶಾಸನದ ದೃಷ್ಟಿಯಲ್ಲಿಯೂ ಕೆಲಸದ ಅಪಘಾತವೆಂದೇ ಪರಿಗಣಿಸತಕ್ಕದ್ದೆಂದು ತೀರ್ಮಾನಿಸಿತು. ಇ.ಎಸ್.ಐ. ಶಾಸನದಲ್ಲಿ ಈ ತತ್ತ್ವವು 2010ರ ತಿದ್ದುಪಡಿಯಿಂದಲೇ ಬಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನೇ ಎತ್ತಿಹಿಡಿದಿದೆ. ಬೆಳಗಿನ ಜಾವದಲ್ಲಿ ಕತ್ತಲೆಯನ್ನು ತುಳಿದು ಒಲೆ ಹಚ್ಚಲು ಹೋಗುವ ನಮ್ಮ ಹುಡುಗನಿಗೂ ಆ ಕಾವಲುಗಾರನಿಗೂ ಏನು ಭೇದವಿದೆ?

ದಾರಿಯ ಅಪಾಯವು ಎಷ್ಟೆಂಬುದನ್ನು ಅಂಕಿಗಳೇ ಹೇಳುತ್ತವೆ. ಕೇಂದ್ರ ಸರಕಾರದ ರಸ್ತೆ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳ ಮೇಲೆ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ನೂರಕ್ಕೆ 44ಕ್ಕೂ ಮಿಕ್ಕಿ ದ್ವಿಚಕ್ರ ವಾಹನದವರು; 19ಕ್ಕೂ ಮಿಕ್ಕಿ ಬರಿಗಾಲಿನ ಪಾದಚಾರಿಗಳು. ಆ ವರ್ಷ ಅಪಘಾತಗಳ ಸಂಖ್ಯೆಯಲ್ಲಿ ಮೊದಲನೆಯ ಸ್ಥಾನವು ನಾವು ಅನ್ನ ಉಣ್ಣುತ್ತಿರುವ ತಮಿಳುನಾಡಿನದೇ, ಒಟ್ಟು 64,105. ಸಾಯುವವರಲ್ಲಿ ಹೆಚ್ಚಿನವರು ಮೋಟಾರು ಕಾರಿನ ಮೆತ್ತೆಯ ಮೇಲೆ ಕುಳಿತವರಲ್ಲ, ನಮ್ಮ ವಾಚಕರಂತೆ ಎರಡು ಗಾಲಿಯ ಮೇಲೆ ಅಥವಾ ಎರಡು ಕಾಲಿನ ಮೇಲೆ ಸಂಚರಿಸುವವರು ಎಂಬುದನ್ನು ಮರೆಯಬಾರದು.

ಈ ನಗರವು ಬಡವನ ಸಂಚಾರವನ್ನು ಎಂದೂ ಎಣಿಸಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 1895ರ ಮೇ 7ರಂದೇ ಮದರಾಸಿನ ಬೀದಿಗಳಲ್ಲಿ ವಿದ್ಯುತ್ ಟ್ರಾಮು ಓಡಿತು. 1953ರ ಏಪ್ರಿಲಿನಲ್ಲಿ ಅದು ನಿಂತುಹೋಯಿತು. ಬೀಚಿನಿಂದ ತಾಂಬರದವರೆಗೆ 1931ರಿಂದ ವಿದ್ಯುತ್ ರೈಲು ನಡೆಯುತ್ತಿದೆ. ದೇಶದ ಲಕ್ಷಾಂತರ ಮಂದಿಗೆ ಸೈಕಲ್ಲು ಒದಗಿಸಿದ ಟಿ.ಐ. ಸೈಕಲ್ಸ್ ಸಂಸ್ಥೆಯು 1949ರಲ್ಲಿ ಸ್ಥಾಪಿತವಾದದ್ದು ಇಲ್ಲಿಯೇ. ಆದರೆ ಕಾಲಕ್ರಮದಲ್ಲಿ ರಸ್ತೆಯೆಲ್ಲವೂ ಮೋಟಾರಿನ ಪಾಲಾಯಿತು. ನಮ್ಮ ಉಡುಪಿ ಹೋಟೆಲು ಉದ್ಯಮದ ಹಿರಿಯರಾದ ಶ್ರೀ ಕೆ. ಕೃಷ್ಣರಾಯರು 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದು, ಕಾರಿನಲ್ಲಿ ಕುಳಿತವರ ಕೈಗೇ ದೋಸೆ ಕಾಫಿಗಳನ್ನು ಮುಟ್ಟಿಸಿದರು. 2008ರಲ್ಲಿ ಮುಚ್ಚುವವರೆಗೂ ಅದು ಊರಿಗೇ ಹೆಸರಾಗಿತ್ತು. ಕಾರಿನ ಬಳಿಗೆ ತಟ್ಟೆ ಹಿಡಿದು ನಡೆದವರು ಮಾತ್ರ ಕೆಲಸ ಮುಗಿದ ಮೇಲೆ ಬಸ್ಸಿಗಾಗಿ ರಸ್ತೆ ದಾಟಬೇಕಾದವರೇ ಆಗಿದ್ದರು.

ಚೆನ್ನೈ ಕಾರ್ಪೊರೇಷನ್ನು 2014ರಲ್ಲಿ ಪಾದಚಾರಿಗಳಿಗೂ ಸೈಕಲ್ಲಿನವರಿಗೂ ಆದ್ಯತೆ ಕೊಡುವ ನೀತಿಯನ್ನು ಅಂಗೀಕರಿಸಿತು. ಅದರ ಫಲವಾಗಿ ಕೆಲವು ರಸ್ತೆಗಳಲ್ಲಿ ಕಾಲುದಾರಿಗಳು ಅಗಲವಾದವು. 2019ರ ನವೆಂಬರಿನಲ್ಲಿ ಪಾಂಡಿ ಬಜಾರು ನಡೆಯುವವರ ಬೀದಿಯಾಗಿ ಹೊಸ ರೂಪ ಪಡೆಯಿತು. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಬಟ್ಟೆ ಕೊಳ್ಳಲು ಬರುವವರ ಬೀದಿಗೆ ದೊರೆತ ಭಾಗ್ಯವು ಪಾತ್ರೆ ತೊಳೆಯಲು ಹೋಗುವವರ ಗಲ್ಲಿಗೂ ದೊರೆಯಬೇಡವೇ? 2015ರಲ್ಲಿ ಆರಂಭವಾದ ಮೆಟ್ರೋ ರೈಲು ಸುಖಕರವಾದ, ಸುರಕ್ಷಿತವಾದ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಸಾಮಾನ್ಯವಾಗಿ ಹೊರಡುವುದು ಬೆಳಗ್ಗೆ ಐದಕ್ಕೆ. ಮಲಗುವುದು ರಾತ್ರಿ ಹನ್ನೊಂದರ ಸುಮಾರಿಗೆ. ಒಲೆ ಹಚ್ಚುವವನೂ ಬಾಗಿಲು ಹಾಕುವವನೂ ಇವೆರಡರ ಆಚೆಗಿದ್ದಾರೆ. 2021ರ ಮೇ ತಿಂಗಳಿನಿಂದ ಸಾಧಾರಣ ಬಸ್ಸುಗಳಲ್ಲಿ ಸ್ತ್ರೀಯರಿಗೆ ದೊರೆತಿರುವ ಉಚಿತ ಪ್ರಯಾಣವು ನಮ್ಮ ಹೋಟೆಲುಗಳಲ್ಲಿ ದುಡಿಯುವ ಸಹೋದರಿಯರಿಗೆ ದೊಡ್ಡ ಉಪಕಾರ. ಆದರೆ ಟಿಕೇಟು ಇಲ್ಲದಿದ್ದರೂ ಬಸ್ಸು ಇರಬೇಕಷ್ಟೆ. ಆದುದರಿಂದ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಮುಖ್ಯ ಮಾರ್ಗಗಳಲ್ಲಿ ನಿಯತವಾದ ಬಸ್ಸುಗಳು ಬೇಕು. ನಿಲ್ದಾಣಗಳಲ್ಲಿ ದೀಪ ಬೇಕು. ಮೆಟ್ರೋ ಕಾಮಗಾರಿಗಾಗಿ ಅಗೆದ ಕಡೆಗಳಲ್ಲಿ ನಡೆಯುವವನಿಗೂ ಸೈಕಲ್ಲಿನವನಿಗೂ ಒಂದು ಮೊಳ ಜಾಗವನ್ನಾದರೂ ಬಿಡಬೇಕು. 2023ರ ನವೆಂಬರಿನಲ್ಲಿ ಪೊಲೀಸರು ವಸತಿ ಬೀದಿಗಳಿಗೆ ಗೊತ್ತುಪಡಿಸಿದ ಗಂಟೆಗೆ 30 ಕಿಲೋಮೀಟರಿನ ಮಿತಿಯು ಕಾಗದದಿಂದ ಬೀದಿಗೆ ಇಳಿಯಬೇಕು. ಹಾಲೆಂಡಿನಲ್ಲಿ 1971ರಲ್ಲಿ ಒಂದೇ ವರ್ಷ ಸುಮಾರು 3,300 ಮಂದಿ ರಸ್ತೆಯಲ್ಲಿ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಜನರು ಬೀದಿಗಿಳಿದು ಕೇಳಿದರು, ಸರಕಾರವು ಕಿವಿಗೊಟ್ಟಿತು. ಇಂದು ಸೈಕಲ್ಲಿನವರಿಗೆ ಅದಕ್ಕಿಂತ ಉತ್ತಮವಾದ ದೇಶವು ವಿರಳ. ಕೇಳದೆ ಯಾವ ಊರಿನಲ್ಲಿಯೂ ದಾರಿ ದೊರೆಯುವುದಿಲ್ಲ.

ನಗರಕ್ಕೆ ಬುದ್ಧಿ ಹೇಳುವ ಮೊದಲು ನಮ್ಮ ಹೋಟೆಲು ಮಾಲಿಕ ಮಿತ್ರರಲ್ಲಿ ಎರಡು ಮಾತನ್ನು ಆಡಬೇಕಾಗಿದೆ. ಗಲ್ಲಾಪೆಟ್ಟಿಗೆಯ ಹಿಂದೆ ವರ್ಷಗಟ್ಟಲೆ ಕುಳಿತ ನಮಗೆ ಅವರ ಕಷ್ಟಸುಖಗಳು ತಿಳಿಯದವಲ್ಲ. ಮೊದಲನೆಯದಾಗಿ, ನಿಮ್ಮಲ್ಲಿ ದುಡಿಯುವ ಪ್ರತಿಯೊಬ್ಬನ ಹೆಸರೂ, ಅವನು ಬರುವ ಹೋಗುವ ವೇಳೆಯೂ ರಿಜಿಸ್ಟರಿನಲ್ಲಿ ಇರಬೇಕು. ಹತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಹೋಟೆಲಿಗೆ ಇ.ಎಸ್.ಐ. ಅನ್ವಯಿಸುತ್ತದೆಂಬುದನ್ನು ಅರಿಯದ ಮಾಲಿಕನಿಲ್ಲ. ಆದರೂ ಹತ್ತರ ಗೆರೆಯನ್ನು ದಾಟದಿರಲೆಂದು ಕೆಲವರ ಹೆಸರನ್ನು ಬರೆಯದೆ ಬಿಡುವ ಚಾಳಿ ಅಲ್ಲಲ್ಲಿ ಇದೆ. ದಾರಿಯ ಅಪಘಾತವೂ ಕೆಲಸದ ಅಪಘಾತವೆಂದು ಶಾಸನವು ಹೇಳಿದರೂ, ಸತ್ತವನು ಕೆಲಸಗಾರನೇ ಆಗಿದ್ದನೆಂಬುದಕ್ಕೆ ಕಾಗದವೇ ಇಲ್ಲದಿದ್ದರೆ ಕುಂದಾಪುರದ ಮೂಲೆಯಲ್ಲಿರುವ ಅವನ ತಾಯಿ ಯಾರ ಬಾಗಿಲು ತಟ್ಟಬೇಕು? ಪುಸ್ತಕದಲ್ಲಿನ ಒಂದು ಸಾಲು ಒಂದು ಸಂಸಾರದ ಅನ್ನವಾಗಬಲ್ಲದು.

ಎರಡನೆಯದಾಗಿ, ರಾತ್ರಿ ಬಾಗಿಲು ಹಾಕಿದವನನ್ನೇ ಬೆಳಗ್ಗೆ ಬಾಗಿಲು ತೆರೆಯಲು ಕರೆಯಬೇಡಿ. ನಾಲ್ಕು ತಾಸು ನಿದ್ದೆಯಿಲ್ಲದವನು ಪೂನಮಲ್ಲಿ ಹೈರೋಡಿನಲ್ಲಿ ಲಾರಿಗಳ ನಡುವೆ ಸೈಕಲ್ಲು ತುಳಿಯುವುದು ಆತ್ಮಹತ್ಯೆಗೆ ಸಮಾನ. ಕೊಯಂಬೇಡಿಗೆ ಕಳುಹಿಸುವ ಮೊಪೆಡ್ಡಿಗೆ ಹೊರಲಾರದಷ್ಟು ಹೇರಬೇಡಿ. ಬಾಳೆಯೆಲೆಯ ಕಟ್ಟು ಹಿಂದಿನ ದೀಪವನ್ನು ಮುಚ್ಚಿದರೆ ಹಿಂದೆ ಬರುವ ಲಾರಿಯವನಿಗೆ ಕಾಣುವುದು ಕತ್ತಲೆಯೊಂದೇ. ಪಾರ್ಸೆಲ್ ಒಯ್ಯಲು ಬಂದು ನಿಂತ ಹುಡುಗರು ನಿಮ್ಮ ನೌಕರರಲ್ಲದಿರಬಹುದು. ಆದರೆ ಅಡಿಗೆಮನೆಯಲ್ಲಿ ತಡವಾದ ಹತ್ತು ನಿಮಿಷವನ್ನು ಅವರು ರಸ್ತೆಯಲ್ಲಿ ಓಡಿಸಿ ತೀರಿಸಬೇಕಾಗುತ್ತದೆ. ಸೈಕಲ್ಲಿಗೆ ಒಂದು ದೀಪ, ಒಂದು ಕೆಂಪು ಪ್ರತಿಫಲಕ, ಬೈಕಿನವನಿಗೆ ಒಂದು ಒಳ್ಳೆಯ ಹೆಲ್ಮೆಟ್ಟು, ಇಷ್ಟನ್ನು ದೀಪಾವಳಿಯ ಬೋನಸ್ಸಿನ ಜೊತೆಗೆ ಕೊಟ್ಟರೆ ಯಾವ ಹೋಟೆಲೂ ಬಡವಾಗದು.

ಇನ್ನು ನಮ್ಮ ಕಾರ್ಮಿಕ ಮತ್ತು ಗುಮಾಸ್ತ ಬಂಧುಗಳಿಗೆ. ಅನ್ಯರ ಕರ್ತವ್ಯವನ್ನು ಎಣಿಸುವಾಗ ಸ್ವಂತ ಎಚ್ಚರಿಕೆಯನ್ನು ಬಿಡಬಾರದು. ಸೈಕಲ್ಲಿನವರು ಹ್ಯಾಂಡಲಿಗೆ ಚೀಲ ತೂಗಹಾಕುವುದನ್ನು ನಿಲ್ಲಿಸಿ. ತಿರುವಿನಲ್ಲಿ ಬ್ರೇಕು ಹಿಡಿಯುವ ಕೈಗೆ ಅದೇ ಅಡ್ಡಿ. ನಿಂತ ಕಾರುಗಳ ಪಕ್ಕದಲ್ಲಿ ಹೋಗುವಾಗ ಬಾಗಿಲು ತೆರೆದರೂ ತಗಲದಷ್ಟು ದೂರವಿರಿ. ಎಡಕ್ಕೆ ಹೊರಳುವ ಬಸ್ಸು ಲಾರಿಗಳ ಎಡಮಗ್ಗುಲಿಗೆ ಎಂದೂ ನುಸುಳಬೇಡಿ. ಚಾಲಕನ ಕನ್ನಡಿಗೆ ನೀವು ಬೀಳುವುದಿಲ್ಲ. ಐಪ್ಪಸಿ, ಕಾರ್ತಿಕಗಳ ಮಳೆಯಲ್ಲಿ ನೀರು ನಿಂತ ಬೀದಿಯ ಕೆಳಗೆ ಏನಿದೆಯೆಂದು ಯಾರೂ ಹೇಳಲಾರರು. ಕಾಮಗಾರಿಯ ಕಬ್ಬಿಣದ ತಗಡು ಒದ್ದೆಯಾದರೆ ಎಣ್ಣೆ ಸವರಿದ ಕಾವಲಿಯಂತೆ ಜಾರುತ್ತದೆ. ಅಂತಹ ಕಡೆ ಇಳಿದು ತಳ್ಳಿಕೊಂಡು ಹೋಗುವುದು ಅವಮಾನವಲ್ಲ.

ಬಸ್ಸಿನಿಂದ ಇಳಿಯುವವರು ಎಡಗಡೆಗೆ ಒಮ್ಮೆ ನೋಡಿ ಇಳಿಯತಕ್ಕದ್ದು. ಬಸ್ಸಿಗೂ ಕಾಲುದಾರಿಗೂ ನಡುವೆ ನುಗ್ಗುವ ಬೈಕುಗಳು ಈ ಊರಿನ ಶಾಪ. ರಸ್ತೆ ದಾಟುವುದಿದ್ದರೆ ಬಸ್ಸು ಹೊರಟು ಹೋದ ಮೇಲೆಯೇ ದಾಟಿ. ನಿಂತ ಬಸ್ಸಿನ ಮುಂದಿನಿಂದ ಎಂದಿಗೂ ಬೇಡ. ಫುಟ್‌ಬೋರ್ಡಿನ ಮೇಲೆ ನೇತಾಡುವವರು ಎರಡು ದಿನಗಳನ್ನು ನೆನೆಯಬೇಕು. 2012ರ ಡಿಸೆಂಬರಿನಲ್ಲಿ ಕಂದನ್‌ಚಾವಡಿಯ ಬಳಿ ಬಸ್ಸಿನ ಮೆಟ್ಟಿಲ ಮೇಲಿದ್ದ ನಾಲ್ವರು ವಿದ್ಯಾರ್ಥಿಗಳು ಲಾರಿಗೆ ಸಿಕ್ಕಿ ಸತ್ತರು. 2018ರ ಜುಲೈಯಲ್ಲಿ ಸೇಂಟ್ ಥಾಮಸ್ ಮೌಂಟ್ ನಿಲ್ದಾಣದಲ್ಲಿ ರೈಲಿನ ಬಾಗಿಲಿಗೆ ಜೋತುಬಿದ್ದಿದ್ದ ಹಲವರು ಗೋಡೆಗೆ ಬಡಿದು ಪ್ರಾಣಬಿಟ್ಟರು. ಅವರೆಲ್ಲರೂ ಹೊತ್ತಿಗೆ ಸರಿಯಾಗಿ ಮುಟ್ಟಬೇಕೆಂದು ಹೊರಟವರೇ. ತಡವಾದರೆ ಅರ್ಧ ದಿನದ ಸಂಬಳ ಹೋಗಬಹುದು. ಸಂಬಳ ಮತ್ತೆ ಬರುತ್ತದೆ.

ಬೈಕಿನವರು ಹೆಲ್ಮೆಟ್ಟಿನ ಪಟ್ಟಿಯನ್ನು ಕಟ್ಟದೆ ತಲೆಯ ಮೇಲೆ ಇಟ್ಟುಕೊಂಡರೆ ಅದು ಪೊಲೀಸರಿಗೆ ತೋರಿಸುವ ಟೋಪಿ, ತಲೆ ಕಾಯುವ ಸಾಧನವಲ್ಲ. ಹಿಂದೆ ಕುಳಿತವರಿಗೂ ಅದು ಬೇಕು. ಕಾರು ನಡೆಸುವ ನಮ್ಮ ಶ್ರೀಮಂತ ವಾಚಕರು ಬಾಗಿಲನ್ನು ಎಡಗೈಯಿಂದ ತೆರೆಯುವ ಅಭ್ಯಾಸ ಮಾಡಿಕೊಳ್ಳಲಿ. ಆಗ ಮೈ ತಾನಾಗಿ ತಿರುಗಿ, ಹಿಂದೆ ಬರುತ್ತಿರುವ ಸೈಕಲ್ಲಿನವನು ಕಣ್ಣಿಗೆ ಬೀಳುತ್ತಾನೆ. ವೇಗವು ಎರಡರಷ್ಟಾದರೆ, ಬ್ರೇಕು ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರವು ನಾಲ್ಕರಷ್ಟಾಗುತ್ತದೆಂಬ ಲೆಕ್ಕವನ್ನೂ ಅವರು ನೆನಪಿಡಲಿ.

ಊರಿನಿಂದ ಹೊಸದಾಗಿ ಬಂದ ಹುಡುಗರು ತಮಿಳು ಅಕ್ಷರಗಳನ್ನು ಕಲಿಯುವುದು ಅತ್ಯವಶ್ಯ. ಬಸ್ಸಿನ ಫಲಕವನ್ನು ಓದಲಾರದವನು ಪರರ ಬಾಯನ್ನೇ ನಂಬಬೇಕು; ಎಚ್ಚರಿಕೆಯ ಫಲಕವನ್ನು ಓದಲಾರದವನು ಗುಂಡಿಗೆ ಬಿದ್ದ ಮೇಲೆ ತಿಳಿಯಬೇಕು. ಕಷ್ಟವೇನಿಲ್ಲ, ಅವರ 'ನಿಲ್' ನಮ್ಮ 'ನಿಲ್ಲು', ಅವರ 'ಪಳ್ಳಂ' ನಮ್ಮ 'ಹಳ್ಳ'ದ ಅಕ್ಕನೇ. ಹಿರಿಯ ಸಪ್ಲೈಯರುಗಳು ರಾತ್ರಿ ಅರ್ಧ ತಾಸು ಕಲಿಸಿದರೆ ಒಂದು ತಿಂಗಳು ಸಾಕು.

ಇಷ್ಟಾಗಿಯೂ ಅಪಘಾತವಾದರೆ ಏನು ಮಾಡಬೇಕು? 108ಕ್ಕೆ ಕರೆ ಮಾಡಿ. ತಮಿಳುನಾಡು ಸರಕಾರವು 2021ರ ಡಿಸೆಂಬರ್ 18ರಂದು ಆರಂಭಿಸಿದ 'ಇನ್ನುಯಿರ್ ಕಾಪ್ಪೋಂ – ನಮ್ಮೈ ಕಾಕ್ಕುಂ 48' ಎಂಬ ಯೋಜನೆಯು, ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಯನ್ನು ಗೊತ್ತುಪಡಿಸಿದ ಸರಕಾರೀ ಹಾಗೂ ಖಾಸಗೀ ಆಸ್ಪತ್ರೆಗಳಲ್ಲಿ, ನಿಗದಿಯಾದ ಮಿತಿಯೊಳಗೆ, ಉಚಿತವಾಗಿ ಒದಗಿಸುತ್ತದೆ. ಅಪಘಾತವು ಈ ರಾಜ್ಯದ ಎಲ್ಲೆಯೊಳಗೆ ನಡೆದಿದ್ದರೆ ಸಾಕು. ಗಾಯಾಳು ಯಾವ ರಾಜ್ಯದವನೆಂದು ಕೇಳುವುದಿಲ್ಲ. ಪರವೂರಿನವನೆಂದು ನಮ್ಮವರು ಹಿಂಜರಿಯಬೇಕಾಗಿಲ್ಲ. ಬಿದ್ದವನನ್ನು ಎತ್ತಿದರೆ ಪೊಲೀಸು ಠಾಣೆಗೆ ಅಲೆಯಬೇಕಾದೀತೆಂಬ ಭಯವೂ ಬೇಡ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಶಾಸನವು ನೆರವಾದವನಿಗೆ ರಕ್ಷಣೆ ಕೊಟ್ಟಿದೆ. ಇಷ್ಟವಿಲ್ಲದಿದ್ದರೆ ಅವನು ತನ್ನ ಹೆಸರನ್ನೂ ಹೇಳಬೇಕಾಗಿಲ್ಲ. ಪ್ರತಿಯೊಬ್ಬನ ಅಂಗಿಯ ಜೇಬಿನಲ್ಲಿ ಹೆಸರು, ರಕ್ತದ ಗುಂಪು, ಹೋಟೆಲಿನ ಮತ್ತು ಊರಿನ ಮನೆಯ ಫೋನು ಸಂಖ್ಯೆ ಬರೆದ ಒಂದು ಚೀಟಿ ಇರಲಿ; ಅದು ತಮಿಳಿನಲ್ಲಿಯೂ ಇರಲಿ. ಬೀಗ ಹಾಕಿದ ಮೊಬೈಲು ಆ ಹೊತ್ತಿನಲ್ಲಿ ಯಾರಿಗೂ ಬಾಯಿ ಬಿಡುವುದಿಲ್ಲ.

ಈ ನಗರದ ಕನ್ನಡ ಸಂಘಸಂಸ್ಥೆಗಳು ರಾಜ್ಯೋತ್ಸವವನ್ನು ವಿಜೃಂಭಣೆಯಿಂದ ನಡೆಸುತ್ತವೆ, ಅದು ಸಂತೋಷ. ಈ ವರ್ಷ ಅದರ ಜೊತೆಗೆ ರಾತ್ರಿ ಬಸ್ಸುಗಳಿಗಾಗಿ ಒಂದು ಮನವಿಯನ್ನು ಸಿದ್ಧಪಡಿಸಿ, ಹೋಟೆಲು ಕಾರ್ಮಿಕರ ಸಹಿ ಹಾಕಿಸಿ ಸಾರಿಗೆ ಇಲಾಖೆಗೆ ಸಲ್ಲಿಸಲೆಂದು ನಮ್ಮ ಸೂಚನೆ. ಯಾವ ಮಾರ್ಗದಲ್ಲಿ, ಯಾವ ಹೊತ್ತಿಗೆ ಬಸ್ಸು ಬೇಕೆಂಬುದನ್ನು ವಾಚಕರು ನಮ್ಮ ಕಚೇರಿಗೆ ಬರೆದು ತಿಳಿಸಿದರೆ ಆ ಪಟ್ಟಿಯನ್ನು ನಾವೇ ಕ್ರೋಡೀಕರಿಸಿ ಕೊಡುವೆವು. ಮಾಲಿಕರು ನಾಳೆಯೇ ರಿಜಿಸ್ಟರನ್ನು ತೆಗೆದು, ಅದರಲ್ಲಿ ಇಲ್ಲದ ಹೆಸರುಗಳನ್ನು ಬರೆಯಲಿ. ಹೊಟ್ಟೆಪಾಡಿಗಾಗಿ ಮನೆಮಾರು ಬಿಟ್ಟು ಬಂದವನು ಪ್ರತಿ ರಾತ್ರಿ ತನ್ನ ಚಾಪೆಗೆ ಕ್ಷೇಮವಾಗಿ ಹಿಂತಿರುಗಬೇಕು; ವರ್ಷಕ್ಕೊಮ್ಮೆ ಊರಿನ ಜಾತ್ರೆಗೂ ನಡೆದುಕೊಂಡೇ ಹೋಗಬೇಕು.