ವಿಮಾನ ಹತ್ತಿದರೆ ಅನಿವಾಸಿ, ಬಸ್ಸು ಹತ್ತಿದರೆ ಗುಳೆ

ನಾಗರ ಪಂಚಮಿ ಮುಗಿದ ಮರುದಿನ ನಮ್ಮ ಮನಗೂಳಿಯ ಬಸ್ ನಿಲ್ದಾಣದಲ್ಲಿ ನಿಂತು ನೋಡಬೇಕು. ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಜೋಳದ ಹಿಟ್ಟಿನ ಚೀಲ, ಅವುಗಳ ಮೇಲೆ ಕುಳಿತ ಮಕ್ಕಳು. ಇವರೆಲ್ಲ ವಿಜಯಪುರಕ್ಕೆ ಹೋಗಿ ಅಲ್ಲಿಂದ ಗೋವಾದ ಬಸ್ಸು ಹಿಡಿಯುವವರು. ಗೌಂಡಿ ಕೆಲಸ ಮಾಡುವ ನನ್ನ ಕಾಕಾ ಮೂವತ್ತು ವರ್ಷದಿಂದ ಹೀಗೆ ಹೋಗುತ್ತಿದ್ದಾರೆ. ಅವರ ಮೊಮ್ಮಗಳು ಹುಟ್ಟಿದ್ದೇ ವಾಸ್ಕೋದಲ್ಲಿ. ಅವಳು ಮನೆಯಲ್ಲಿ ನಮ್ಮ ಕನ್ನಡ, ಓಣಿಯಲ್ಲಿ ಹಿಂದಿ, ಅಂಗಡಿಯಲ್ಲಿ ಕೊಂಕಣಿ ಆಡುತ್ತಾಳೆ. ಕನ್ನಡ ಓದಲು ಮಾತ್ರ ಬರುವುದಿಲ್ಲ.

ಹಿಂದೊಮ್ಮೆ ಒಂದು ಕಾಲೇಜಿನಲ್ಲಿ 'ಹೊರನಾಡ ಕನ್ನಡಿಗರ ಸಾಹಿತ್ಯ ಮತ್ತು ಸಂಸ್ಕೃತಿ' ಎಂಬ ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಅಮೆರಿಕದ ಮೇಲೆ ಮೂರು ಪ್ರಬಂಧ, ಇಂಗ್ಲೆಂಡಿನ ಮೇಲೆ ಒಂದು, ಕೊಲ್ಲಿ ದೇಶಗಳ ಮೇಲೆ ಒಂದು, ಮುಂಬೈ ಮೇಲೆ ಎರಡು. ಗೋವಾ ಇರಲಿಲ್ಲ. ಊಟದ ಹೊತ್ತಿನಲ್ಲಿ ಸಂಘಟಕರನ್ನು ಕೇಳಿದೆ. "ಅವರು ಗುಳೆ ಹೋದವರಲ್ಲವೇನ್ರಿ? ಅದು ಸಮಾಜಶಾಸ್ತ್ರ ವಿಭಾಗದ ವಿಷಯ" ಎಂದರು. ಅವರು ಕೆಟ್ಟವರಲ್ಲ, ವ್ಯಂಗ್ಯವನ್ನೂ ಮಾಡಲಿಲ್ಲ. ನಾವೆಲ್ಲ ಒಳಗೊಳಗೇ ನಂಬಿಕೊಂಡದ್ದನ್ನು ಬಾಯಿಬಿಟ್ಟು ಹೇಳಿದರು, ಅಷ್ಟೇ. ನನ್ನ ಜಗಳ ಆ ನಂಬಿಕೆಯೊಂದಿಗೆ.

ಊರು ಬಿಟ್ಟವರಿಗೆ ನಮ್ಮಲ್ಲಿ ಎರಡು ಹೆಸರಿವೆ. ವಿಮಾನ ಹತ್ತಿದವರು ಅನಿವಾಸಿ. ಬಸ್ಸು ಹತ್ತಿದವರು ಗುಳೆ. ಅನಿವಾಸಿಗೆ ಸಂಸ್ಕೃತಿ ಇರುತ್ತದೆ, ಗುಳೆಯವರಿಗೆ ಸಮಸ್ಯೆ ಇರುತ್ತದೆ. ಅನಿವಾಸಿ ನೆನಪು ಬರೆದರೆ ಪ್ರಬಂಧ. ಗುಳೆಯವರ ನೆನಪನ್ನು ಯಾರೂ ಕೇಳುವುದಿಲ್ಲ, ಅವರ ತಲೆ ಎಣಿಸುತ್ತಾರೆ.

ಎಲ್ಲ ಜನರೂ ಹೀಗೆ ವಿಂಗಡಿಸಿಕೊಂಡಿಲ್ಲ. ಆರ್ಮೇನಿಯನ್ನರನ್ನು ನೋಡಿ. ಅವರ ಭಾಷೆಯ ಮೊದಲ ಪತ್ರಿಕೆ 'ಅಜ್ದಾರಾರ್' ಹೊರಬಂದದ್ದು ಆರ್ಮೇನಿಯದಲ್ಲಿ ಅಲ್ಲ, 1794ರಲ್ಲಿ ನಮ್ಮ ಪಕ್ಕದ ಮದರಾಸಿನಲ್ಲಿ. ಹೊರತಂದವರು ಹರುತ್ಯೂನ್ ಶ್ಮಾವೊನ್ಯಾನ್ ಎಂಬ ಪಾದ್ರಿ. ಓದುಗರು ಬೆರಳೆಣಿಕೆಯ ವ್ಯಾಪಾರಿಗಳು. ಹದಿನೆಂಟು ಸಂಚಿಕೆ ಬಂದು ನಿಂತುಹೋಯಿತು. ಆದರೂ ಆ ಜನ ಇಂದಿಗೂ ತಮ್ಮ ಪತ್ರಿಕೋದ್ಯಮದ ಚರಿತ್ರೆಯನ್ನು ಮದರಾಸಿನಿಂದಲೇ ಶುರು ಮಾಡುತ್ತಾರೆ. ಮುಂದೆ 1915ರ ನರಮೇಧದಲ್ಲಿ ಬದುಕುಳಿದವರು ಬೇರೂತಿನ ಪಕ್ಕದ ಬುರ್ಜ್ ಹಮ್ಮೂದಿನಲ್ಲಿ ಗುಡಿಸಲು ಹಾಕಿಕೊಂಡರು. ಚಪ್ಪಲಿ ಹೊಲಿದರು, ಬಟ್ಟೆ ಹೊಲಿದರು. ಶಾಲೆ ಕಟ್ಟಿದರು, ಪತ್ರಿಕೆ ನಡೆಸಿದರು. ಮದರಾಸಿನ ರೇಷ್ಮೆ ವ್ಯಾಪಾರಿಗೂ ಬುರ್ಜ್ ಹಮ್ಮೂದಿನ ಚಪ್ಪಲಿ ಹೊಲಿಯುವವನಿಗೂ ಅವರ ಭಾಷೆಯಲ್ಲಿ ಇರುವುದು ಒಂದೇ ಮಾತು: 'ಸ್ಪ್ಯೂರ್ಕ್', ಚದುರಿದವರು. ನಮ್ಮ ಬರಗಾಲವನ್ನು ಅವರ ನರಮೇಧಕ್ಕೆ ಹೋಲಿಸುತ್ತಿಲ್ಲ, ಅದು ಸಲ್ಲದು. ಅವರ ಒಂದು ಪದವನ್ನಷ್ಟೇ ಕಡ ಕೇಳುತ್ತಿದ್ದೇನೆ.

ಗೋವಾದ ನಮ್ಮವರಿಗೆ ಸಂಸ್ಕೃತಿ ಇಲ್ಲವೇ? ಜುವಾರಿನಗರದ ಒಂದು ತಗಡಿನ ಗುಡಿಯಲ್ಲಿ ಸೋಮವಾರ ರಾತ್ರಿಯ ಭಜನೆ ಕೇಳಿದ್ದೇನೆ. ಹಾರ್ಮೋನಿಯಂ ನುಡಿಸುವವರು ಇಂಡಿ ಕಡೆಯವರು, ತಬಲಾದವರು ಸಿಂದಗಿಯವರು, ಹಾಡುವ ಹೆಣ್ಣುಮಗಳು ಮುದ್ದೇಬಿಹಾಳದ ತಾಂಡಾದವಳು. ಊರಲ್ಲಿ ಇದ್ದಿದ್ದರೆ ಈ ಮೂವರೂ ಒಂದೇ ಚಾಪೆಯ ಮೇಲೆ ಕೂಡುತ್ತಿರಲಿಲ್ಲ. ಬಸವಣ್ಣ ಹುಟ್ಟಿದ ತಾಲೂಕಿನವನಾದ ನಾನು ಅಂಥದ್ದೊಂದು ಚಾಪೆಯನ್ನು ನೋಡಲು ಗೋವಾಕ್ಕೆ ಹೋಗಬೇಕಾಯಿತು. ತತ್ವಪದಗಳ ನಡುವೆ ಅವರು ತಾವೇ ಕಟ್ಟಿದ ಪದಗಳನ್ನೂ ಹಾಡಿದರು. ಅವುಗಳಲ್ಲಿ ಮುರಗಾಂವ ಬಂದರಿನ ಕಲ್ಲಿದ್ದಲ ಧೂಳು ಇತ್ತು, ಹಡಗು ಇತ್ತು, ಊರಿನ ಬೇವಿನ ಮರ ಇತ್ತು. ಯಾರೂ ಬರೆದುಕೊಂಡಿಲ್ಲ. ನಾನೂ ಬರೆದುಕೊಳ್ಳಲಿಲ್ಲ. ಅದಕ್ಕೂ ಮೊದಲು ಗುಳೆಯ ಮೇಲೆ ನಾಲ್ಕು ಕವಿತೆ ಬರೆದು ಚಪ್ಪಾಳೆ ತಗೊಂಡಿದ್ದೆ. ನಾಲ್ಕರಲ್ಲೂ ಹರಿದ ಚೀಲ ಇತ್ತು, ಒಂದರಲ್ಲೂ ಹಾರ್ಮೋನಿಯಂ ಇರಲಿಲ್ಲ.

ಅವರು ಗೋವಾದಲ್ಲಿ 'ಘಾಟಿ' ಎನ್ನಿಸಿಕೊಳ್ಳುತ್ತಾರೆ, ಘಟ್ಟ ಇಳಿದು ಬಂದವರು ಎಂಬ ಬೈಗುಳ. 2004ರ ಜೂನ್‌ನಲ್ಲಿ ಬೈನಾ ಕಡಲತೀರದ ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು, 2015ರಲ್ಲಿ ಮತ್ತೆ. ಎರಡು ಸಲವೂ ಬೀದಿಗೆ ಬಿದ್ದವರಲ್ಲಿ ಕನ್ನಡದವರು ಬಹಳ ಮಂದಿ. ನಾನು ಬಿಎ, ಎಂಎ ಎರಡರಲ್ಲೂ ಕನ್ನಡ ಓದಿದವನು. ಬೈನಾ ಎಂಬ ಹೆಸರು ಯಾವ ಪಠ್ಯದಲ್ಲೂ ನನಗೆ ಎದುರಾಗಲಿಲ್ಲ.

"ಅವರು ಹೋಗಿ ಬರುವವರು, ನೆಲೆಸಿದವರಲ್ಲ" ಎನ್ನುತ್ತಾರೆ. ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾದದ್ದು 1961ರಲ್ಲಿ. ಆಮೇಲೆ ಎದ್ದ ರಸ್ತೆ, ಕಾರ್ಖಾನೆ, ಹೋಟೆಲುಗಳಿಗೆ ಕಲ್ಲು ಮಣ್ಣು ಹೊತ್ತವರಲ್ಲಿ ನಮ್ಮ ಜಿಲ್ಲೆಯವರಿದ್ದರು. ಈಗ ಅವರ ಮೂರನೆಯ ತಲೆಮಾರು ಅಲ್ಲಿದೆ. ಇನ್ನೆಷ್ಟು ತಲೆಮಾರು ಬೇಕು? "ಅವರೇ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕುತ್ತಾರೆ" ಎನ್ನುತ್ತಾರೆ. ಕ್ಯಾಲಿಫೋರ್ನಿಯಾದವರೂ ಹಾಕುತ್ತಾರೆ. ಅವರ ಮಕ್ಕಳು ವಾರಕ್ಕೊಂದು ದಿನ 'ಕನ್ನಡ ಕಲಿ' ತರಗತಿಗೆ ಹೋದರೆ ಅದು ಭಾಷಾಪ್ರೇಮ ಎಂದು ಹೊಗಳುತ್ತೇವೆ. ಹೊಗಳಲಿ, ಅದು ಒಳ್ಳೆಯ ಕೆಲಸವೇ. ವಾಸ್ಕೋದ ಮಗುವಿಗೂ ಅದೇ ಒಂದು ದಿನ ಸಿಗಲಿ ಎಂದರೆ ಮಾತ್ರ ಬಜೆಟ್ಟು ನೆನಪಾಗುತ್ತದೆ.

"ಅವರಲ್ಲಿ ಬರೆಯುವವರಿಲ್ಲವಲ್ಲ" ಎಂಬುದು ಕೊನೆಯ ವಾದ. ಮುಂಬೈ ಕನ್ನಡ ಎಂದ ಕೂಡಲೇ ನಾವು ಚಿತ್ತಾಲರ 'ಶಿಕಾರಿ'ಯನ್ನೂ ಜಯಂತ ಕಾಯ್ಕಿಣಿಯವರ ಕಥೆಗಳನ್ನೂ ನೆನೆಯುತ್ತೇವೆ. ಆದರೆ ಅದೇ ಮುಂಬೈಯಲ್ಲಿ ಕನ್ನಡ ಸಂಘಗಳು ಹೋಟೆಲಿನ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದವು. ಹಗಲೆಲ್ಲ ತಟ್ಟೆ ತೊಳೆದು ರಾತ್ರಿ ಕನ್ನಡ ಕಲಿತವರು ಓದುಗರಾದರು, ನಾಟಕದವರಾದರು, ಸಂಘ ಕಟ್ಟುವವರಾದರು. ಗೋವಾದಲ್ಲಿಯೂ ಕನ್ನಡ ಸಂಘಗಳಿವೆ, ಸಾಹಿತ್ಯ ಪರಿಷತ್ತಿನ ಘಟಕವಿದೆ, ರಾಜ್ಯೋತ್ಸವ ನಡೆಯುತ್ತದೆ. ಬೆಂಗಳೂರಿನಿಂದ ಅತಿಥಿ ಬರುತ್ತಾರೆ, ಶಾಲು ಹೊದಿಸಿಕೊಂಡು ಹೋಗುತ್ತಾರೆ. ಕನ್ನಡ ಭವನದ ಮಾತು ಪ್ರತಿ ಸಲವೂ ಬರುತ್ತದೆ. ಭವನ ಬೇಕು, ಬೇಡವೆನ್ನಲಾರೆ. ಆದರೆ ಅದಕ್ಕಿಂತ ಮೊದಲು ಬೇಕಾದದ್ದು ಒಂದು ಬಾಡಿಗೆ ಕೋಣೆ, ಒಂದು ಕರಿಹಲಗೆ, ಕೆಲಸ ಮುಗಿಸಿ ಬಂದವರಿಗೆ ಅಕ್ಷರ ಕಲಿಸುವ ಒಬ್ಬರು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಮಂದಿ ಕನ್ನಡ ವಿದ್ಯಾರ್ಥಿಗಳು. ಕಿರು ಸಂಶೋಧನೆಗೆ ವಿಷಯ ಸಿಗುತ್ತಿಲ್ಲ ಎಂದು ಗೊಣಗುವವರು. ಮೊಬೈಲಿನಲ್ಲಿ ಧ್ವನಿಮುದ್ರಣ ಇದೆ, ವಾಸ್ಕೋಗೆ ಬಸ್ಸೂ ಇದೆ. ಆ ಭಜನೆಯ ಪದಗಳನ್ನು ಕಟ್ಟಿದವರಿಗೆ ಈಗ ವಯಸ್ಸಾಗಿದೆ. ಅವರ ಮೊಮ್ಮಕ್ಕಳಿಗೆ ಅವು ಕೇಳಿದರೆ ತಿಳಿಯುತ್ತವೆ, ಬರೆದುಕೊಳ್ಳಲು ಬರುವುದಿಲ್ಲ.

ಈ ಸಲದ ಪಂಚಮಿಗೆ ಬಂದಾಗ ಕಾಕಾನನ್ನು ಕೇಳಿದೆ, "ಕಾಕಾ, ನಿಮ್ಮನ್ನ ಏನಂತ ಕರೀಬೇಕ್ರಿ? ಗುಳೆ ಹೋದವರು ಅಂತಾರ, ಹೊರನಾಡ ಕನ್ನಡಿಗರು ಅಂತಾರ." ಅವರು ರೊಟ್ಟಿಯ ಗಂಟು ಬಿಗಿಯುತ್ತ ಅಂದರು, "ಏನರ ಕರಿಯೋ ತಮ್ಮಾ. ಮದಲ ಆ ಹುಡುಗಿಗೆ ಕನ್ನಡ ಓದೂದು ಕಲಸು."