ಖಾಲಿ ಯಾದಿಯ ಕಥೆ

ಚಿಂಚಲಿಯ ಮಾಯಕ್ಕನ ಜಾತ್ರೆಗೆ ಮನೆಮಂದಿಯೆಲ್ಲ ಹೊರಟಾಗ ರಾಯಬಾಗದ ಕಡೆಯ ಹಿರಿಯರು ಉಗ್ರಾಣದ ಕೀಲಿಯನ್ನು ನಂಬಿಗಸ್ತ ಕಾರಭಾರಿಗೆ ಮಾತ್ರ ಒಪ್ಪಿಸುವರು. ಮಕ್ಕಳ ಪಾಠಕ್ಕೂ ಹೊಲದ ಲೆಕ್ಕಕ್ಕೂ ಒಂದೇ ಗಣಕಯಂತ್ರವನ್ನು ಬಳಸುವ ಮನೆಗಳಿಗಾಗಿ, ಯಂತ್ರದೊಳಗಣ ಕಾರಭಾರಿಯೊಬ್ಬನು ಮೋಸಹೋದ ಬಗೆಯನ್ನು ಈ ತಿಂಗಳು ನಿವೇದಿಸುತ್ತೇವೆ.

ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿ ಕೇರಳದ ಸರಕಾರಿ ಶಾಲೆಗಳಲ್ಲಿ ಬಳಕೆಯಲ್ಲಿರುವ ಲಿನಕ್ಸ್ ವ್ಯವಸ್ಥೆಯಲ್ಲಿ, ಸರ್ವಾಧಿಕಾರವುಳ್ಳ ಯಜಮಾನನಿಗೆ ‘ರೂಟ್’ ಎಂದು ಹೆಸರು. ಉಳಿದವರ ಅಧಿಕಾರವು ಮಿತವಾದುದು. ಯಜಮಾನನ ಕೆಲಸವನ್ನು ಬೇಡಿದವರ ಅರ್ಹತೆಯನ್ನು ‘ಪೋಲ್‌ಕಿಟ್’ ಪರಿಶೀಲಿಸುತ್ತದೆ. ಅದರ ‘ಪಿಕೆಎಕ್ಸೆಕ್’ ಎಂಬ ಅಂಗವೇ ನಮ್ಮ ಕಾರಭಾರಿ. ಯಾರು ಕರೆದರೂ ಅವನ ಕೈಯಲ್ಲಿ ರೂಟಿನ ಕೀಲಿಯಿರುತ್ತದೆ.

ಕರೆದವರು ಅವನಿಗೆ ಕೆಲಸದ ಯಾದಿಯನ್ನು ಕೊಡಬೇಕು. ಆ ಯಾದಿಯು ಪೂರ್ತಿ ಬರಿದಾಗಿರಬಹುದೆಂದು ರಚಿಸಿದವರು ಎಣಿಸಿರಲಿಲ್ಲ. ಬರಿದಾದುದು ಬಂದಾಗ ಅವನು ನಿಲ್ಲದೆ, ಯಂತ್ರದ ಸ್ಮೃತಿಯಲ್ಲಿ ಅದರ ಪಕ್ಕದಲ್ಲಿಯೇ ಇರುವ ಬೇರೊಂದು ಸೂಚನೆಗಳ ಪಟ್ಟಿಯನ್ನು ಯಾದಿಯೆಂದೇ ಓದಿ, ಅದರಲ್ಲಿ ತನ್ನ ಕೈಯಾರೆ ಬರೆಯುತ್ತಿದ್ದನು. ಬಾಗಿಲಲ್ಲಿಯೇ ತೆಗೆದುಹಾಕಬೇಕಾದ ಅಪಾಯಕರ ಸೂಚನೆಯು ಹೀಗೆ ಒಳಗೆ ಸೇರಿ, ದುರುಳನ ಆಜ್ಞೆಗಳು ಯಜಮಾನನ ಹೆಸರಿನಲ್ಲಿ ನಡೆಯುವಂತಾಗುತ್ತಿತ್ತು.

2009ರ ಮೇ ತಿಂಗಳಲ್ಲಿ ಹುಟ್ಟಿದ ಈ ದೋಷವನ್ನು ಕ್ವಾಲಿಸ್ ಸಂಸ್ಥೆಯು 2022ರ ಜನವರಿ 25ರಂದು ‘ಪ್ವನ್‌ಕಿಟ್’ ಎಂಬ ಹೆಸರಿನಿಂದ ಬಯಲಿಗಿಟ್ಟಿತು. 2013ರಲ್ಲಿಯೇ ಒಬ್ಬರು ಖಾಲಿ ಯಾದಿಯ ಈ ವಿಚಿತ್ರವನ್ನು ಬರೆದು ತೋರಿಸಿದ್ದರು; ಆದರೆ ಅದರಿಂದ ಕೇಡು ಮಾಡುವ ದಾರಿಯು ಅವರಿಗೆ ಕಾಣಲಿಲ್ಲ, ದೋಷವೂ ಹಾಗೆಯೇ ಉಳಿಯಿತು. ಬಯಲಾದ ಮೇಲೆ ಉಬುಂಟು, ಡೆಬಿಯನ್ ಮೊದಲಾದವರು ತಿದ್ದುಪಡಿಯನ್ನು ಒದಗಿಸಿದರು. ಅದು ದೊರೆಯದವರಿಗೆ, ಪಿಕೆಎಕ್ಸೆಕ್‌ನ ಕೈಯಿಂದ ರೂಟಿನ ಕೀಲಿಯನ್ನೇ ತೆಗೆದಿಡುವ ತಾತ್ಕಾಲಿಕ ಉಪಾಯವಿತ್ತು.

ಇಂತಹ ದೋಷವು ಹೊರಗಿನವನಿಗೆ ತಾನಾಗಿ ಬಾಗಿಲು ತೆರೆಯದು. ಹೇಗೋ ಒಳಗೆ ಕಾಲಿಟ್ಟವನನ್ನು ಯಜಮಾನನನ್ನಾಗಿ ಮಾಡುವುದು. ಆದರೆ ಮಗುವು ತನ್ನ ಖಾತೆಯಲ್ಲಿ ಅರಿಯದೆ ಇಳಿಸಿಕೊಂಡ ಆಟವೊಂದರ ಮರೆಯಲ್ಲಿಯೂ ಕೇಡಿಗನು ಒಳಗೆ ಬರಬಹುದು. ಅಲ್ಲಿಂದ ತಂದೆಯ ಲೆಕ್ಕಪತ್ರಕ್ಕೂ ತಾಯಿಯ ಖಾಸಗಿ ಪತ್ರಗಳಿಗೂ ದೂರವೇನು?

ಆಗ ಮಗುವನ್ನು ಗದರಿಸಿ ಫಲವಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಿಕೊಡುವುದು ಒಳ್ಳೆಯದೇ. ಆದರೆ ಗೋಡೆಯ ಭದ್ರತೆಯೆಲ್ಲ ಕೀಲಿ ಹಿಡಿದವನ ಎಚ್ಚರದಲ್ಲಿದೆ. ಯಂತ್ರವು ತಿದ್ದುಪಡಿ ಬಂದಿದೆಯೆಂದು ಸೂಚಿಸಿದಾಗ ‘ನಾಳೆ ನೋಡೋಣ’ ಎನ್ನದೆ ಅಂದೇ ಅಳವಡಿಸಿಕೊಳ್ಳಬೇಕೆಂದು ನಮ್ಮ ವಾಚಕರಲ್ಲಿ ಬಿನ್ನವಿಸುತ್ತೇವೆ.