ವಿಷಯ ಮನೆಬಾಗಿಲಲ್ಲೇ ಇದೆ

ಪದವಿ ತರಗತಿಯ ಪರಿಸರ ಅಧ್ಯಯನದ ವರದಿಗೆ ವಿಷಯ ಆಯ್ದುಕೊಳ್ಳುವಾಗ ನಮ್ಮ ಮಕ್ಕಳು ಓಜೋನ್ ಪದರವನ್ನೋ ಧ್ರುವಪ್ರದೇಶದ ಹಿಮವನ್ನೋ ಅರಸುತ್ತಾರೆ. ಹಳೆಯ ವರದಿಯ ನಕಲಿಗೆ ಹೊಸ ರಟ್ಟು ಹೊದಿಸಿದರೆ ಅಂಕಗಳೂ ಬರುತ್ತವೆ. ಆದರೆ ಕಲಿತದ್ದೇನು?

ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ತೀರ್ಪಿತ್ತಿತು. ತರುವಾಯ ವಿಶ್ವವಿದ್ಯಾಲಯ ಅನುದಾನ ಆಯೋಗ ರೂಪಿಸಿದ ಪಠ್ಯಕ್ರಮವು ಸ್ಥಳೀಯ ನದಿ, ಕಾಡು, ಬೆಟ್ಟಗಳನ್ನು ಕಣ್ಣಾರೆ ಕಂಡು ದಾಖಲಿಸಬೇಕೆಂದಿತು.

ಕನಕಪುರ ಸೀಮೆಯಲ್ಲಿ ವಿಷಯಕ್ಕೆ ಬರವುಂಟೇ? ಕಬ್ಬಾಳು ದುರ್ಗದ ಬಂಡೆಯ ಮೇಲೆ ಸುರಿದ ಮಳೆ ಯಾವ ಕೆರೆ ಸೇರುತ್ತದೆ? ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಅರ್ಕಾವತಿಯನ್ನು ಕೂಡಿದ ಮೇಲೆ, ಹಾರೋಬೆಲೆ ಜಲಾಶಯದತ್ತ ಹರಿಯುವ ನೀರಿನ ಬಣ್ಣ, ವಾಸನೆ ಹೇಗೆ ಬದಲಾಗುತ್ತವೆ? ಜಾತ್ರೆಯ ಕಸವನ್ನು ತೂಗಹೊರಟವರು ಮೊದಲು ನಮ್ಮ ದೇವಾಲಯದ ಹಬ್ಬದ ಮರುದಿನ ತಕ್ಕಡಿ ಹಿಡಿಯಲಿ. ಪರರತ್ತ ಬೆರಳು ತೋರುವುದು ಅಧ್ಯಯನವಲ್ಲ.

ಒಂದು ಸ್ಥಳ, ಒಂದು ಪ್ರಶ್ನೆ, ವಾರಕ್ಕೊಮ್ಮೆ ಬರೆದಿಟ್ಟ ಲೆಕ್ಕ ಇಷ್ಟು ಸಾಕು. ಕೆರೆ ಕೋಡಿ ಬಿದ್ದ ಕಾಲವನ್ನು ಕಂಡ ಅಜ್ಜ ಅಜ್ಜಿಯರ ಮಾತೂ ಅದರಲ್ಲಿರಲಿ. ಲೆಕ್ಕವಿಲ್ಲದ ಊರಿನ ದೂರಿಗೆ ಕಚೇರಿಗಳಲ್ಲಿ ಬೆಲೆಯಿಲ್ಲವೆಂಬುದನ್ನು ನಾವು ಬಲ್ಲೆವು.

ಪೋಪ್ ಫ್ರಾನ್ಸಿಸರು 2015ರ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆದರು. ಹೆತ್ತವರೇ, ಸಿದ್ಧ ವರದಿ ಕೊಳ್ಳಲು ಹಣ ಕೊಡಬೇಡಿ. ಮುಂದಿನ ಭಾನುವಾರ ಬಲಿಪೂಜೆಯ ನಂತರ ಮಕ್ಕಳೊಡನೆ ಕೆರೆಯೇರಿಯವರೆಗೆ ನಡೆದುಬನ್ನಿ. ಅವರು ಬರೆದ ವರದಿಯ ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ತಲುಪಲಿ.